ಮೊಗುಡಂಪಲ್ಲಿ ದಾರಿಯ ಕಾಣದ ಕಛೇರಿಗಳು

ಬೆಂಗಳೂರಿನವರಿಗೆ ತಮ್ಮದೇ ದೂರದರ್ಶನ ಕೇಂದ್ರ ಸಿಕ್ಕಿದ್ದು 1981ರ ನವೆಂಬರಿನಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಿಂದ, ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳ ನೂರಾರು ಹಳ್ಳಿಗಳ ಜನ ಸಂಜೆಯಾದರೆ ಊರ ನಡುವೆ ಕೂತು ಟಿ.ವಿ. ನೋಡುತ್ತಿದ್ದರು. ಗಡಿಯಾಚೆ ಮೆದಕ್, ಮಹಬೂಬ್‌ನಗರದ ಹಳ್ಳಿಗಳಲ್ಲೂ ಅದೇ ಹೊತ್ತಿಗೆ ಅದೇ ಸಂಭ್ರಮ. ಚಿತ್ರ ಬರುತ್ತಿದ್ದುದು ಹತ್ತಿರದ ಯಾವ ಗೋಪುರದಿಂದಲೂ ಅಲ್ಲ, ಆಫ್ರಿಕದ ನೆತ್ತಿಯ ಮೇಲೆ 36,000 ಕಿ.ಮೀ. ಎತ್ತರದಲ್ಲಿ ನಿಂತಿದ್ದ ಅಮೆರಿಕದ ಎಟಿಎಸ್-6 ಉಪಗ್ರಹದಿಂದ. ಅದನ್ನು ಹಿಡಿಯಲು ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ ಮೂರು ಮೀಟರಿನ ಛತ್ರಿ, ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯ ಸೆಟ್ಟು, ಇಷ್ಟೇ. ಇದನ್ನು ಮೊದಲು ಓದಿದಾಗ ನಾನು ನಂಬಲಿಲ್ಲ. ನಮ್ಮ ಬೀದರ–ಕಲಬುರಗಿ ಸೀಮೆಗೆ ಯಾವುದಾದರೂ ರಾಜಧಾನಿಗಿಂತ ಮುಂಚೆ ಬಂದದ್ದುಂಟೆ?

ಸೈಟ್ ಎಂಬ ಹೆಸರಿನ ಆ ಪ್ರಯೋಗ ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ನಡೆದು, ಸರಿಯಾಗಿ ಒಂದು ವರ್ಷಕ್ಕೆ, 1976ರ ಜುಲೈ 31ಕ್ಕೆ ನಿಂತಿತು. ಉಪಗ್ರಹವನ್ನು ಅಮೆರಿಕದವರು ಬೇರೆ ಕಡೆ ಸರಿಸಿಕೊಂಡರು. ಆ ಒಂದು ವರ್ಷ ಬೇಸಾಯ, ಆರೋಗ್ಯ, ಮಕ್ಕಳ ವಿಜ್ಞಾನದ ನಡುನಡುವೆ ಹಾಡು, ಕುಣಿತ, ಬಯಲಾಟಗಳೂ ಬರುತ್ತಿದ್ದವು. ಆಂಧ್ರ ಮತ್ತು ಕರ್ನಾಟಕದ ಹಳ್ಳಿಗಳಿಗಾಗಿ ಕಾರ್ಯಕ್ರಮ ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಅಲ್ಲಿಯ ಸ್ಟುಡಿಯೊ ದೀಪದ ಕೆಳಗೆ ಕೂತು ಹಾಡಿದವರ ಚಿತ್ರ ಈಗ ನೋಡುತ್ತೇನೆಂದರೆ ನಮ್ಮ ನಿಮ್ಮ ಕೈಗೆ ಸಿಗುವುದಿಲ್ಲ. ಆ ಕಾಲದಲ್ಲಿ ವಿಡಿಯೊ ಟೇಪು ಬಲು ದುಬಾರಿ, ಹೊರದೇಶದಿಂದ ಬರಬೇಕು. ಒಮ್ಮೆ ಪ್ರಸಾರವಾದ ಮೇಲೆ ಅದನ್ನು ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ಹಿಡಿಯುವುದು ನಮ್ಮ ದೂರದರ್ಶನದಲ್ಲೂ ವಾಡಿಕೆ, ಲಂಡನ್ನಿನ ಬಿಬಿಸಿಯಲ್ಲೂ ವಾಡಿಕೆ. ಅಷ್ಟೇಕೆ, ನಮಗೆ ಉಪಗ್ರಹ ಕಡ ಕೊಟ್ಟ ನಾಸಾದವರೇ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ನೇರ ಬಂದ ಮೂಲ ಚಿತ್ರದ ಟೇಪುಗಳನ್ನು ಹುಡುಕಿ ಹುಡುಕಿ ಸೋತು, ಅವನ್ನು ಅಳಿಸಿ ಮತ್ತೆ ಬಳಸಿರಬೇಕೆಂದು 2009ರಲ್ಲಿ ಒಪ್ಪಿಕೊಂಡರು. ಚಂದ್ರನಿಗೇ ಆ ಗತಿಯಾದರೆ ಏಕತಾರಿ ಹಿಡಿದ ನಮ್ಮ ಅಜ್ಜನನ್ನು ಯಾರು ಕೇಳಬೇಕು!

ಹೀಗೆ ಕಾಣದೆ ಹೋದ ಹಾಡುಗಾರಿಕೆಯ ಬೆನ್ನು ಹತ್ತಿ ಶ್ರಾವಣದ ಒಂದು ಬೆಳಗ್ಗೆ ಕಲಬುರಗಿಯಿಂದ ಹೊರಟೆ. ಜೊತೆಗೆ ಒಬ್ಬ ಗೆಳೆಯ. ಹಳೆಯ ಕ್ಯಾಸೆಟ್ಟು, ವಿಡಿಯೊ ಟೇಪುಗಳನ್ನು ಕಂಪ್ಯೂಟರಿಗೆ ಏರಿಸಿಕೊಡುವುದು ಅವನ ಕಸುಬು. ಮದುವೆ ಕ್ಯಾಸೆಟ್ಟುಗಳೇ ಹೆಚ್ಚು. ನಡುವೆ ಯಾವುದೋ ಮಠದ ಜಾತ್ರೆ, ಯಾವುದೋ ಊರಿನ ಭಜನೆ. ಮಳೆಗಾಲ ಬಂತೆಂದರೆ ಅವನಿಗೆ ಕೈತುಂಬ ಕೆಲಸ.

ಆ ಕೆಲಸವನ್ನು ಒಮ್ಮೆ ಹತ್ತಿರ ಕೂತು ನೋಡಿದ್ದೇನೆ. ಟೇಪಿನ ಮೇಲೆ ಕಾಂತದ ಪುಡಿಯನ್ನು ಹಿಡಿದಿಟ್ಟಿರುವುದು ಒಂದು ಬಗೆಯ ಅಂಟು. ವರ್ಷಗಟ್ಟಲೆ ಗಾಳಿಯ ತೇವ ಕುಡಿದು ಆ ಅಂಟು ಜಿಗುಟಾಗುತ್ತದೆ. ಅಂಥ ಟೇಪನ್ನು ಹಾಗೇ ಮಶೀನಿಗೆ ಹಾಕಿದರೆ ಕೀರ್ರೆಂದು ಕೂಗುತ್ತದೆ, ಹೆಡ್ಡಿನ ಮೇಲೆ ಕಂದು ಬಣ್ಣದ ಪುಡಿ ಉದುರುತ್ತದೆ. ಉದುರಿದ ಪುಡಿ ಎಂದರೆ ಉದುರಿದ ಹಾಡು. ಅದನ್ನು ಮತ್ತೆ ಅಂಟಿಸುವ ವಿದ್ಯೆ ಇಲ್ಲ. ಅದಕ್ಕೇ ಇವನು ಟೇಪನ್ನು ಮೊದಲು ಹಪ್ಪಳ ಒಣಗಿಸಿದಂತೆ ಒಣಗಿಸುತ್ತಾನೆ: ಐವತ್ತು ಐವತ್ತೈದು ಡಿಗ್ರಿಯ ಹದವಾದ ಶಾಖದಲ್ಲಿ, ತಾಸುಗಟ್ಟಲೆ. ಆಮೇಲೆ ಕೆಲವು ವಾರ ಅದು ಸುಮ್ಮನೆ ಓಡುತ್ತದೆ. ಅಷ್ಟರಲ್ಲಿ ನಕಲು ಮಾಡಿಕೊಳ್ಳಬೇಕು, ಮತ್ತೆ ಜಿಗುಟು ಶುರು. ಟೇಪು ಒಣಗಿಸಿದರೂ ಓಡಿಸುವ ಮಶೀನು ಬೇಕಲ್ಲ, ವಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಕೊನೆಯ ಕಂಪನಿ ಫುನೈ 2016ರಲ್ಲೇ ಆ ಕೆಲಸ ನಿಲ್ಲಿಸಿತು. ಇವನ ಅಂಗಡಿಯಲ್ಲಿ ಮೂರು ಸತ್ತ ಮಶೀನುಗಳ ಬಿಡಿಭಾಗ ಕೂಡಿಸಿ ಎಬ್ಬಿಸಿದ ಒಂದು ಮಶೀನು ಇದೆ.

ಹುಮನಾಬಾದ ಬಂತು. ಪಕ್ಕದ ಮಾಣಿಕನಗರಕ್ಕೆ ಹೋಗದೆ ಮುಂದೆ ಹೋಗುವುದು ಸಂಗೀತದ ಹುಚ್ಚಿದ್ದವರಿಗೆ ಆಗದ ಮಾತು. 1817ರಲ್ಲಿ ಹುಟ್ಟಿ 1865ರಲ್ಲಿ ಇಲ್ಲಿ ಸಮಾಧಿಯಾದ ಸಂತ ಮಾಣಿಕಪ್ರಭುಗಳು ಸ್ವತಃ ಪದ ಕಟ್ಟಿದವರು. ಮರಾಠಿ, ಕನ್ನಡ, ಹಿಂದಿ ಎಂದು ನೋಡದೆ ನಾಲಗೆಗೆ ಬಂದ ಭಾಷೆಯಲ್ಲಿ ಹಾಡಿದವರು. ದತ್ತ ಜಯಂತಿಯ ಹೊತ್ತಿಗೆ ಇಲ್ಲಿ ದರಬಾರು ಕೂಡುತ್ತದೆ, ರಾತ್ರಿಯಿಡೀ ಗಾಯನ. ಇಲ್ಲಿ ಹಾಡುವುದು ಕಛೇರಿಯಲ್ಲ, ಸೇವೆ. ನಾವು ಹೋದಾಗ ಅಂಗಳ ಮಳೆಗೆ ತೊಯ್ದು ಖಾಲಿ ಬಿದ್ದಿತ್ತು. ನೂರೈವತ್ತು ವರ್ಷಕ್ಕೂ ಮಿಕ್ಕಿ ಇಲ್ಲಿ ಎದ್ದ ತಾನುಗಳಲ್ಲಿ ಕ್ಯಾಮೆರಾ ಕಂಡದ್ದು ಕೊನೆಕೊನೆಯ ಚೂರು ಮಾತ್ರ. ಅದಕ್ಕೆ ನಾನು ಮರುಗುವವನಲ್ಲ. ಕ್ಯಾಮೆರಾ ಇಲ್ಲದಿದ್ದ ಕಾಲದ ಹಾಡಿಗೆ ಅಳುವುದು ಹುಟ್ಟದ ಮಗುವಿಗೆ ಅತ್ತಂತೆ ವ್ಯರ್ಥ. ಹೊಟ್ಟೆ ಉರಿಯುವುದು ಚಿತ್ರ ತೆಗೆದೂ ಕಳೆದುಕೊಂಡದ್ದಕ್ಕೆ.

ಕನ್ನಡದ ಮಟ್ಟಿಗೆ ಆ ಉರಿ ಮೊದಲ ಹೆಜ್ಜೆಯಿಂದಲೇ ಇದೆ. ನಮ್ಮ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಿಡುಗಡೆಯಾಯಿತು, ಕೊಲ್ಹಾಪುರದ ಛತ್ರಪತಿ ಸಿನೆಟೋನಿನಲ್ಲಿ ತಯಾರಾಗಿ. ಅದರ ಒಂದು ಪ್ರಿಂಟೂ ಉಳಿದಿಲ್ಲ. ಇದನ್ನು ಎಲ್ಲರೂ ಸಿನಿಮಾ ಇತಿಹಾಸದ ನಷ್ಟ ಎನ್ನುತ್ತಾರೆ. ನನಗದು ಸಂಗೀತದ ನಷ್ಟವಾಗಿಯೇ ಕಾಣುತ್ತದೆ. ಯಾಕೆಂದರೆ ಆಗ ಹಿನ್ನೆಲೆ ಗಾಯನ ಎಂಬುದು ಇರಲಿಲ್ಲ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಂಥ ರಂಗಭೂಮಿಯ ನಟರು ಕ್ಯಾಮೆರಾ ಎದುರು ನಿಂತು ನಿಜಕ್ಕೂ ಹಾಡಬೇಕು. ವಾದ್ಯದವರು ಚೌಕಟ್ಟಿನಾಚೆ, ಪರದೆಯಲ್ಲಿ ಕಾಣದ ಹಾಗೆ ಕೂತು ನುಡಿಸಬೇಕು. ಅಂದರೆ ಆ ಕಾಲದ ಒಂದೊಂದು ಮಾತಿನ ಚಿತ್ರವೂ ಕಂಪನಿ ನಾಟಕದ ಗಾಯನವನ್ನು ಇದ್ದದ್ದು ಇದ್ದಂತೆ ಹಿಡಿದಿಟ್ಟ ದಾಖಲೆ. ಗ್ವಾಲಿಯರ್ ಘರಾಣೆ, ಕಿರಾಣಾ ಘರಾಣೆ ಎಂದು ನಾವು ಬಡಿದಾಡುವಾಗ ಮರೆತುಬಿಡುವ ರಂಗಗೀತೆಯ ಆ ಕಸುವು, ಮೈಕಿಲ್ಲದೆ ಕೊನೆಯ ಸಾಲಿನವರೆಗೆ ಮುಟ್ಟುವ ಆ ಎದೆಯ ಧ್ವನಿ, ಅದು ಬಾಯಿ ತೆರೆದದ್ದು ಹೇಗೆ, ಕೊರಳ ನರ ಉಬ್ಬಿದ್ದು ಹೇಗೆ ಎಂದು ನೋಡಲು ಇದ್ದ ಒಂದು ಕಿಟಕಿ ಮುಚ್ಚಿಹೋಯಿತು.

ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಮನ್ನಾಎಖೇಳಿ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ಎರೆಮಣ್ಣಿನ ಕಪ್ಪು ಹಿಂದೆ ಬಿದ್ದು ಜಂಬಿಟ್ಟಿಗೆಯ ಕೆಂಪು ಏಳುತ್ತದೆ. ತೊಗರಿ ಮೊಣಕಾಲೆತ್ತರ, ನಡುನಡುವೆ ಕಬ್ಬು, ಹಸಿಶುಂಠಿಯ ಮಡಿಗಳು. ಚಿರಾಗಪಲ್ಲಿಯ ಹತ್ತಿರ ಬೋರ್ಡುಗಳು ಕನ್ನಡದಿಂದ ತೆಲುಗಿಗೆ ತಿರುಗಿದವು. ಮಣ್ಣಿಗೆ ಅದು ಗೊತ್ತೇ ಆಗಲಿಲ್ಲ. 1956ರ ನವೆಂಬರ್ 1ರವರೆಗೆ ಇದೆಲ್ಲ ಒಂದೇ ಬೀದರ ಜಿಲ್ಲೆ. ರಾಜ್ಯ ಪುನರ್ವಿಂಗಡಣೆಯಲ್ಲಿ ನಿರ್ಣಾ ವಲಯವೊಂದನ್ನು ಬಿಟ್ಟು ಜಹೀರಾಬಾದ್ ತಾಲ್ಲೂಕು, ನಾರಾಯಣಖೇಡ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ವಲಯ ಆಂಧ್ರಕ್ಕೆ ಹೋದವು. ಆಕಡೆ ಗುಲ್ಬರ್ಗದ ತಾಂಡೂರು, ಕೊಡಂಗಲ್ ಹೋದವು. ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಮೊಗುಡಂಪಲ್ಲಿ, 2016ರಲ್ಲಿ ಜಹೀರಾಬಾದಿನಿಂದ ಬೇರೆಯಾಗಿ ತಾನೇ ಒಂದು ಮಂಡಲವಾದ ಊರು.

ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ನಮ್ಮ ಮಾತು ಕೇಳಿ ತಾವಾಗಿಯೇ ಹತ್ತಿರ ಸರಿದರು.

"ಕನ್ನಡದಾಗ ಮಾತಾಡ್ಲತ್ತೀರಿ, ಎಲ್ಲಿಂದ ಬಂದ್ರಿ ತಮ್ಮಾ?"

"ಕಲಬುರಗಿಯಿಂದ್ರಿ ಕಾಕಾ."

"ನಮ್ಮ ಮನಿಯಾಗ ಕನ್ನಡನೇ. ಬಾಜಾರದಾಗ ತೆಲುಗು. ಮಕ್ಕಳು ಸಾಲಿಗಿ ಹೋಗಿ ಇಂಗ್ಲಿಷ್ ಕಲ್ತಾರ, ಅವರ ಜೋಡಿ ಮಾತಾಡ್ಲಾಕ ನನಗೇನೂ ಬರಂಗಿಲ್ಲ," ಎಂದು ನಕ್ಕರು.

ಟಿ.ವಿ.ಯ ವಿಷಯ ತೆಗೆದೆ. ಅವರ ಕಣ್ಣು ಅರಳಿದವು. ಆಗ ಅವರು ಚಿಕ್ಕ ಹುಡುಗ. ಸೋದರಮಾವನ ಊರಿಗೆ ಹೋದಾಗ ಅಲ್ಲಿ ಡಬ್ಬಿ ಬಂದಿದೆ ಎಂದು ಇಡೀ ಓಣಿ ಎದ್ದು ಹೊರಟಿತಂತೆ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಮಕ್ಕಳು ಮುಂದೆ ಮಣ್ಣಿನಲ್ಲಿ. ಡಬ್ಬಿಗೆ ಯಾರೋ ಕುಂಕುಮ ಹಚ್ಚಿದ್ದರಂತೆ.

"ಒಬ್ಬ ಮುದುಕ ಕೂತು ಹಾಡ್ತಿದ್ದ ನೋಡ್ರಿ. ಕೈಯಾಗ ಏಕತಾರಿ, ಬಾಜೂಕ ಒಬ್ಬ ದಮ್ಮಡಿ ಬಡೀತಿದ್ದ. ನಮ್ಮವ್ವ ತಲಿ ಮ್ಯಾಲಿನ ಸೆರಗು ಸರಿ ಮಾಡ್ಕೊಂಡಳು. ಅಂವ ನಮ್ಮನ್ನ ನೋಡ್ಲತ್ತಾನ ಅಂತ ತಿಳದಾಳ!"

ಏನು ಹಾಡಿದ ಎಂದು ಕೇಳಿದೆ. ಕಾಕಾ ಮಾತು ಹೇಳಲಿಲ್ಲ, ಮಟ್ಟು ಹೇಳಿದರು. ಬೆಂಚಿನ ಹಲಗೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಮೂಗಿನಲ್ಲೇ ಗುನುಗಿದರು. ಕಡಕೋಳ ಮಡಿವಾಳಪ್ಪನವರ ಕಡೆಯ ತತ್ವಪದಗಳಲ್ಲಿ ಕೇಳಿಬರುವಂಥ ನಡಿಗೆ: ಮೊದಲ ಸಾಲು ಕೆಳಗೇ ಹರಿದು, ಎರಡನೆಯದು ಒಮ್ಮೆಲೆ ಮೇಲಕ್ಕೆ ಹಾರಿ, ಅಲ್ಲಿಂದ ಮೆಟ್ಟಿಲಿಳಿಯುವುದು. ಐವತ್ತು ವರ್ಷದ ಹಿಂದೆ ಹೈದರಾಬಾದಿನ ಸ್ಟುಡಿಯೊದಲ್ಲಿ ಯಾರೋ ಹಾಡಿದ್ದು ಅಂತರಿಕ್ಷಕ್ಕೆ ಹೋಗಿ, ತಂತಿಬಲೆಯ ಮೇಲೆ ಇಳಿದು, ಒಂದು ಹುಡುಗನ ಕಿವಿ ಸೇರಿ, ಈಗ ಚಹಾದ ಹೊಗೆಯಲ್ಲಿ ನನ್ನ ಮುಂದೆ ಬಂದು ಕೂತಿತ್ತು. ನನ್ನ ಗೆಳೆಯ ಗಲ್ಲದ ಮೇಲೆ ಕೈ ಇಟ್ಟುಕೊಂಡು ಹಾಗೇ ನೋಡುತ್ತಿದ್ದ. ಅವನ ಅಂಗಡಿಯ ಯಾವ ಮಶೀನಿಗೂ ಸಿಗದ ನಕಲು ಅದು.

ಮಧ್ಯಾಹ್ನ ಜಾಡಿಮಲ್ಕಾಪುರದ ಜಲಪಾತ ನೋಡಿದೆವು. ಮಳೆಗಾಲದಲ್ಲಿ ಮಾತ್ರ ಇರುವ ಜಲಪಾತ. ಆಚೆ ಚಿಂಚೋಳಿಯ ಕಾಡು. ನೀರು ಕೆಂಪಗೆ ಧುಮುಕುತ್ತಿತ್ತು. ಹೈದರಾಬಾದಿನಿಂದ ಬಂದ ಹುಡುಗರು ಸೆಲ್ಫಿಗೆ ನೂಕಾಡುತ್ತಿದ್ದರು. ನೋಡಿ ಬಂದೆವು, ಅಷ್ಟೇ.

ಜಹೀರಾಬಾದಿನ ಕಡೆ ತಿರುಗುವಾಗ ಗೆಳೆಯ ಕೇಳಿದ: "ಅಲ್ಲೋ ದೋಸ್ತ, ಟೇಪು ದುಬಾರಿ ಅಂತ ನಾವು ಅಳಿಸಿದ್ವಿ. ರೊಕ್ಕ ಇದ್ದವರು ಹ್ಯಾಂಗ ಕಳಕೊಂಡ್ರು?"

ಅವನಿಗೆ ಅಮೆರಿಕದ ಗಾಯಕಿ ಅರೀತಾ ಫ್ರಾಂಕ್ಲಿನ್ ಕಥೆ ಹೇಳಿದೆ. 1972ರ ಜನವರಿ 13 ಮತ್ತು 14ರಂದು ಲಾಸ್ ಏಂಜಲಿಸಿನ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಆಕೆ ಎರಡು ರಾತ್ರಿ ಭಕ್ತಿಗೀತೆ ಹಾಡಿದರು. 'ಅಮೇಜಿಂಗ್ ಗ್ರೇಸ್' ಎಂಬ ಆ ಧ್ವನಿಮುದ್ರಿಕೆ ಲಕ್ಷಗಟ್ಟಲೆ ಮಾರಾಟವಾಯಿತು. ಅದೇ ಎರಡು ರಾತ್ರಿ ಹಾಲಿವುಡ್ಡಿನ ಹೆಸರಾಂತ ನಿರ್ದೇಶಕ ಸಿಡ್ನಿ ಪೊಲ್ಯಾಕ್ ಹಲವು ಕ್ಯಾಮೆರಾ ಇಟ್ಟು ಎಲ್ಲವನ್ನೂ ಚಿತ್ರಿಸಿದ್ದ. ಆದರೆ ಸಿನಿಮಾ ಬರಲಿಲ್ಲ. ಕಾರಣ ಕೇಳಿದರೆ ನಗಬೇಕೋ ಅಳಬೇಕೋ. ಆಗಿನ 16 ಎಂ.ಎಂ. ಕ್ಯಾಮೆರಾ ಹಿಡಿಯುತ್ತಿದ್ದುದು ಚಿತ್ರವನ್ನಷ್ಟೇ. ಧ್ವನಿ ಬೇರೆ ಟೇಪಿನಲ್ಲಿ. ಎರಡನ್ನೂ ಕೂಡಿಸಲು ಪ್ರತಿ ಶಾಟಿನ ಮೊದಲು ಕ್ಲ್ಯಾಪ್ ಹೊಡೆಯಬೇಕು: ಹಲಗೆ ಮುಚ್ಚುವ ಚಿತ್ರ, ಟಕ್ ಎನ್ನುವ ಸದ್ದು, ಎರಡನ್ನೂ ಒಂದಕ್ಕೊಂದು ತಾಳೆ ಹಾಕಿದರೆ ಆಯಿತು. ಆ ಎರಡು ರಾತ್ರಿ ಕ್ಲ್ಯಾಪ್ ಹೊಡೆಯಲಿಲ್ಲ. ಗಂಟೆಗಟ್ಟಲೆ ಮೂಕ ಚಿತ್ರ ಒಂದು ಕಡೆ, ಅದ್ಭುತ ಧ್ವನಿ ಇನ್ನೊಂದು ಕಡೆ. ತುಟಿ ನೋಡಿ ಮಾತು ಓದುವವರನ್ನು ಕರೆಸಿ ಕೂಡಿಸಲು ನೋಡಿದರೂ ಬಗೆಹರಿಯಲಿಲ್ಲ. ಡಬ್ಬಗಳು ನಾಲ್ಕು ದಶಕ ಕತ್ತಲಲ್ಲಿ ಕೂತವು. ಕಂಪ್ಯೂಟರ್ ಬಂದ ಮೇಲೆ ಅಲನ್ ಎಲಿಯಟ್ ಎಂಬಾತ ಹಟ ಹಿಡಿದು ಹೊಂದಿಸಿದ. ಆಗ ಅರೀತಾ ಅವರೇ ಕೋರ್ಟಿಗೆ ಹೋಗಿ ತಡೆ ತಂದರು. 2018ರ ಆಗಸ್ಟಿನಲ್ಲಿ ಆಕೆ ತೀರಿಕೊಂಡರು; ಸಿನಿಮಾ ತೆರೆಕಂಡದ್ದು ಅದೇ ವರ್ಷದ ಕೊನೆಗೆ.

"ಅಕೀ ಬ್ಯಾಡ ಅಂದ ಮ್ಯಾಲೆ ತೋರಿಸಿದ್ದು ಬರೋಬರಿ ಏನು?" ಎಂದ ಗೆಳೆಯ. ನಾನಂತೂ ಆ ಸಿನಿಮಾ ನೋಡಿ ಅತ್ತವನು. ಆದರೂ ಅವನ ಪ್ರಶ್ನೆಗೆ ಉತ್ತರ ಕೊಡಲು ನಾಲಗೆ ಏಳಲಿಲ್ಲ. ಮಾತು ಬದಲಿಸಿ ಹಾರ್ಲೆಮ್ಮಿನ ಕಥೆಗೆ ಹೊರಳಿದೆ. 1969ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಲ್ಲಿ ವಾರಗಟ್ಟಲೆ ನಡೆದ ಸಂಗೀತ ಜಾತ್ರೆಯನ್ನು ಹಾಲ್ ಟುಲ್ಚಿನ್ ಎಂಬಾತ ಸುಮಾರು 40 ಗಂಟೆ ಚಿತ್ರಿಸಿದ. ಅದೇ ಬೇಸಿಗೆಯ ವುಡ್‌ಸ್ಟಾಕ್ ಸಂಗೀತ ಜಾತ್ರೆ ಜಗತ್ಪ್ರಸಿದ್ಧವಾಯಿತು, ಇದನ್ನು ಕೊಳ್ಳುವವರೇ ಬರಲಿಲ್ಲ. ಟೇಪುಗಳು ಐವತ್ತು ವರ್ಷ ನೆಲಮಾಳಿಗೆಯಲ್ಲಿದ್ದವು. 2021ರಲ್ಲಿ 'ಸಮ್ಮರ್ ಆಫ್ ಸೋಲ್' ಎಂದು ಹೊರಬಂದು ಮರುವರ್ಷ ಆಸ್ಕರ್ ಗೆದ್ದಿತು. ಅಲ್ಲಿ ಕ್ಲ್ಯಾಪೂ ತಪ್ಪಿರಲಿಲ್ಲ, ಟೇಪೂ ಅಳಿಸಿರಲಿಲ್ಲ. ಇದು ಇಡತಕ್ಕದ್ದು, ತೋರಿಸತಕ್ಕದ್ದು ಎಂದು ದುಡ್ಡಿನವರಿಗೆ ಅನಿಸಿರಲಿಲ್ಲ. ನಮ್ಮ ಕಡೆಯ ಹಾಡುಗಳಿಗೆ ಬಂದ ಗಂಡಾಂತರವೂ ಹೆಚ್ಚಾಗಿ ಇದೇ ಜಾತಿಯದು.

ಇದಕ್ಕೆ ಉಲ್ಟಾ ನಡೆದ ಒಂದು ಸಂಗತಿಯೂ ಉಂಟು. ಆರ್ನಾಲ್ಡ್ ಬಾಕೆ ಎಂಬ ಡಚ್ ಸಂಗೀತ ವಿದ್ವಾಂಸ 1938ರಲ್ಲಿ ದಕ್ಷಿಣ ಭಾರತ ಸುತ್ತಿ ತಮಿಳುನಾಡು, ಕೇರಳ, ಕರ್ನಾಟಕದ ಹಾಡು–ಕುಣಿತಗಳನ್ನು ಮೂಕ ಫಿಲ್ಮಿನಲ್ಲೂ, ಧ್ವನಿಯನ್ನು ಬೇರೊಂದು ಯಂತ್ರದಲ್ಲೂ ಹಿಡಿದ. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಚಿತ್ರ, ಆ ಧ್ವನಿಗಳನ್ನು ಹೊತ್ತು ಅದೇ ಊರುಗಳಿಗೆ ವಾಪಸು ಬಂದರು, ಹಾಡಿದವರ, ಕುಣಿದವರ ಪೀಳಿಗೆಯನ್ನು ಹುಡುಕಿಕೊಂಡು. ವಿದೇಶದ ಭಂಡಾರಕ್ಕೆ ಹೋದ ಹಾಡು ಹುಟ್ಟಿದ ಊರಿಗೆ ತಿರುಗಿ ಬಂದದ್ದು ನಮ್ಮಲ್ಲಿ ಬಹಳ ಅಪರೂಪ.

ಜಹೀರಾಬಾದಿನ ಅಂಚಿನಲ್ಲೇ ಪಸ್ತಾಪುರ. ಇಡೀ ಪ್ರಯಾಣದಲ್ಲಿ ನಾನು ಬೆರಗಾಗಿ ನಿಂತ ಜಾಗ ಇದು. ಸೈಟ್ ಪ್ರಯೋಗದ ಕಾಲಕ್ಕೆ ದೂರದರ್ಶನದಲ್ಲಿ ಹಳ್ಳಿಗರಿಗಾಗಿ ಕಾರ್ಯಕ್ರಮ ಮಾಡುತ್ತಿದ್ದವರಲ್ಲಿ ಒಬ್ಬರು ನಮ್ಮ ಮೈಸೂರಿನವರು, 1945ರಲ್ಲಿ ಹುಟ್ಟಿದ ಪಿ.ವಿ. ಸತೀಶ್. ಸುಮಾರು ಎರಡು ದಶಕ ಟಿ.ವಿ.ಯಲ್ಲಿ ದುಡಿದವರು. ಅವರೂ ಗೆಳೆಯರೂ 1983ರಲ್ಲಿ ಇಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಕೆಲಸ ಬಡ ದಲಿತ ಹೆಂಗಸರ ಸಂಘಗಳ ಜೊತೆ: ಪಾಳುಬಿದ್ದ ಹೊಲ ಎಬ್ಬಿಸುವುದು, ಸಜ್ಜೆ, ನವಣೆ, ಜೋಳದ ನಾಟಿ ಬೀಜ ಉಳಿಸುವುದು. ಸಂಕ್ರಾಂತಿಯಿಂದ ಊರೂರು ತಿರುಗುವ ಪಾತಪಂಟಲ ಜಾತರ, ಎಂದರೆ ಹಳೆಯ ಬೆಳೆಗಳ ಜಾತ್ರೆ, ಅವರದೇ. ಸಿಂಗರಿಸಿದ ಚಕ್ಕಡಿಗಳಲ್ಲಿ ಬೀಜದ ಮಡಕೆ, ಹಿಂದೆ ಮುಂದೆ ಹಾಡು, ಡಪ್ಪು. ಇವೆಲ್ಲ ಸರಿ. ಆದರೆ ಈ ಮನುಷ್ಯ ಟಿ.ವಿ. ಬಿಟ್ಟು ಬಂದರೂ ಕ್ಯಾಮೆರಾ ಬಿಡಲಿಲ್ಲ. ತಾನು ಹಿಡಿಯುವ ಬದಲು ಆ ಹೆಂಗಸರ ಕೈಗೆ ಕೊಟ್ಟರು. ಅಕ್ಷರ ಬಾರದ ಕೂಲಿ ಹೆಂಗಸರು ಚಿತ್ರ ತೆಗೆಯಲು, ಕತ್ತರಿಸಿ ಕೂಡಿಸಲು ಕಲಿತರು. ವಾರಂಗಲ್ಲಿನ ಬಿಟಿ ಹತ್ತಿಯ ಮೇಲೆ ಅವರು ಮಾಡಿದ ಸಿನಿಮಾಗಳು ದೇಶ ದೇಶ ಸುತ್ತಿದವು.

ಕ್ಯಾಮೆರಾದ ಕೋನಗಳಿಗೆ ಅವರು ಇಟ್ಟ ಹೆಸರುಗಳನ್ನು ಯಾವ ಸಿನಿಮಾ ಶಾಲೆಯೂ ಕಲಿಸಲಾರದು. ಕೆಳಗಿನಿಂದ ತಲೆಯೆತ್ತಿ ನೋಡುವುದು 'ಪಟೇಲ್ ಶಾಟ್', ಕಟ್ಟೆಯ ಮೇಲೆ ಕೂತ ಪಟೇಲನನ್ನು ತಾವು ನೋಡುತ್ತಿದ್ದ ಹಾಗೆ. ಮೇಲಿನಿಂದ ಕೆಳಗೆ ನೋಡುವುದು ಆಳಿನ ಶಾಟ್, ಪಟೇಲ ತಮ್ಮನ್ನು ನೋಡುತ್ತಿದ್ದ ಹಾಗೆ. ಕಣ್ಣಿನ ಮಟ್ಟಕ್ಕೆ ಹಿಡಿಯುವುದು 'ಸಂಘಂ ಶಾಟ್', ಎಲ್ಲರೂ ಒಂದೇ ಚಾಪೆಯ ಮೇಲೆ ಕೂತ ಹಾಗೆ. ಇದನ್ನು ತಿಳಿದ ಮೇಲೆ ನಾನು ನೋಡಿದ ಎಷ್ಟೋ ಗಾಯನದ ಚಿತ್ರಗಳು ನೆನಪಾದವು. ವೇದಿಕೆಯ ಬುಡದಲ್ಲಿ ಕ್ಯಾಮೆರಾ ಇಟ್ಟು ಪಂಡಿತರ ಗದ್ದ, ಮೂಗಿನ ಹೊಳ್ಳೆಗಳನ್ನೇ ತೋರಿಸುತ್ತಾರಲ್ಲ, ಅದೆಲ್ಲ ಶುದ್ಧ ಪಟೇಲ್ ಶಾಟು! ಹಳ್ಳಿಯ ಹಾಡುಗಾರ್ತಿಯನ್ನು ಹಿಡಿಯುವಾಗ ಮಾತ್ರ ಕ್ಯಾಮೆರಾ ನಿಂತೇ ಇರುತ್ತದೆ, ಆಕೆ ನೆಲದ ಮೇಲೆ. ಬೀಸುವ ಪದವನ್ನು ಬೀಸುಕಲ್ಲಿನ ಎತ್ತರದಿಂದ ನೋಡಿದರೆ ಬೇರೆಯದೇ ಕಾಣುತ್ತದೆ: ಗೂಟ ಹಿಡಿದ ಎರಡು ಕೈ ಒಂದರ ಮೇಲೊಂದು, ಹಿಡಿಯಷ್ಟು ಜೋಳ ಹಾಕುವಾಗ ದನಿ ಅರೆಕ್ಷಣ ನಿಂತು ಮತ್ತೆ ಕಲ್ಲಿನ ಸುತ್ತಿಗೆ ಸೇರುವುದು. ಆ ಅರೆಕ್ಷಣದ ನಿಲುವೇ ಹಾಡಿನ ತಾಳ. ನಿಂತು ನೋಡಿದವನಿಗೆ ಅದು ಕಾಣುವುದಿಲ್ಲ.

ಅಲ್ಲಿಂದ ಝರಾಸಂಗಂ ಮಂಡಲದ ಮಾಚನೂರು. ಹೊಲಗಳ ನಡುವೆ ಒಂದು ಗೋಪುರ, ಕೆಳಗೆ ಸಂಘಂ ರೇಡಿಯೊ. ಇದರ ಕಥೆಯಲ್ಲಿ ನಮ್ಮ ವಿಷಯ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಬಾನಿನ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಯುನೆಸ್ಕೋ ನೆರವಿನಿಂದ 1998ರ ಹೊತ್ತಿಗೆ ಇಲ್ಲಿ ಸ್ಟುಡಿಯೊ ಸಿದ್ಧ, ಯಂತ್ರ ಸಿದ್ಧ, ನಡೆಸುವ ಹೆಂಗಸರೂ ಸಿದ್ಧ. ಲೈಸೆನ್ಸು ಮಾತ್ರ ಇಲ್ಲ. ಹತ್ತು ವರ್ಷ ಕಾದರು. ಕಾಯುತ್ತ ಸುಮ್ಮನೆ ಕೂಡಲಿಲ್ಲ. ಹಾಡು, ಕಥೆ, ಬೇಸಾಯದ ಮಾತು ಎಲ್ಲ ಕ್ಯಾಸೆಟ್ಟಿಗೆ ಹಿಡಿದರು. ಗಾಳಿಯಲ್ಲಿ ಬಿಡುವಂತಿಲ್ಲವಾದ್ದರಿಂದ ಕ್ಯಾಸೆಟ್ಟನ್ನೇ ಊರೂರಿನ ಸಂಘಕ್ಕೆ ಒಯ್ದು ಟೇಪ್‌ರೆಕಾರ್ಡರಿನಲ್ಲಿ ಕೇಳಿಸಿದರು. 2008ರ ಅಕ್ಟೋಬರ್ 15ರಂದು 90.4ರಲ್ಲಿ ದನಿ ಹೊರಬಂತು. ಉದ್ಘಾಟಿಸಿದವರು ಆ 1995ರ ತೀರ್ಪು ಬರೆದ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರೇ! ಜನರಲ್ ನರಸಮ್ಮ ಮತ್ತು ಅಲ್ಗೋಲ್ ನರಸಮ್ಮ ಎಂಬ ಇಬ್ಬರು ಇಲ್ಲಿಯ ದನಿಗಳೆಂದು ಹೆಸರಾದರು.

ಬಿಡುಗಡೆಯಾಗದ ಹಾಡುಗಳ ಭಂಡಾರ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಮುಂಬೈಯ ಗೋದಾಮು, ಲಂಡನ್ನಿನ ನೆಲಮಾಳಿಗೆ. ಹತ್ತು ವರ್ಷ ಪರವಾನಗಿಯಿಲ್ಲದೆ ತುಂಬುತ್ತ ಹೋದ ಕ್ಯಾಸೆಟ್ಟುಗಳ ಈ ಹೊಲದ ನಡುವಿನ ಮನೆಗೆ ಅಷ್ಟೇ ತೂಕವಿದೆ. ಆ ಗೋದಾಮು, ನೆಲಮಾಳಿಗೆಗಳ ಡಬ್ಬಗಳಲ್ಲಿ ಹಾಡಿದವರು ಒಬ್ಬರು, ಹಿಡಿದವರು ಇನ್ನೊಬ್ಬರು, ಬೀಗ ಹಾಕಿದವರು ಮತ್ತೊಬ್ಬರು. ಇಲ್ಲಿ ಹಾಡಿದ ಅಕ್ಕ, ಹಿಡಿದ ಅಕ್ಕ, ಹೊತ್ತು ಊರೂರು ತಿರುಗಿದ ಅಕ್ಕ, ಮೂವರೂ ಒಂದೇ ಸಂಘದವರು. ಅರೀತಾ ವಿಷಯದಲ್ಲಿ ಗೆಳೆಯ ಕೇಳಿದ ಪ್ರಶ್ನೆ ಇಲ್ಲಿ ಹುಟ್ಟುವುದೇ ಇಲ್ಲ. ಬೇಡ ಎನ್ನಬೇಕಾದವಳ ಕೈಯಲ್ಲೇ ಮಶೀನಿನ ಗುಂಡಿ ಇದೆ. ಸತೀಶ್ 2023ರ ಮಾರ್ಚ್ 19ರಂದು ತೀರಿಕೊಂಡರು. ಉಪಗ್ರಹದಿಂದ ಹಳ್ಳಿಗೆ ಚಿತ್ರ ಇಳಿಸುವ ಕೆಲಸದಲ್ಲಿ ಶುರುಮಾಡಿ, ಹಳ್ಳಿಯಿಂದ ಚಿತ್ರ ಏರಿಸುವುದರಲ್ಲಿ ಮುಗಿಸಿದ ಈ ಮೈಸೂರಿಗರ ಹೆಸರು ಕನ್ನಡದಲ್ಲಿ ಇಷ್ಟು ಕಡಿಮೆ ಕೇಳಿಬರುವುದೇಕೆ ಎಂದು ನನಗೆ ಸಿಟ್ಟೂ ಬಂತು.

ಹೊತ್ತು ಇಳಿದಿತ್ತು. ಶ್ರಾವಣ ಸೋಮವಾರ ಬೇರೆ, ಝರಾಸಂಗಂನ ಕೇತಕಿ ಸಂಗಮೇಶ್ವರನಿಗೆ ಕೈ ಮುಗಿಯದೆ ಹೋಗುವುದೆಂತು? ಸಾಮಾನ್ಯವಾಗಿ ಶಿವನಿಗೆ ಸಲ್ಲದ ಕೇದಗೆ ಇಲ್ಲಿ ಸಲ್ಲುತ್ತದೆ. ಬೀದರಿನ ಕಡೆಯ ಜೀಪುಗಳು, ಮಹಾರಾಷ್ಟ್ರದ ಟೆಂಪೊಗಳು, ಗುಂಡದ ಸುತ್ತ ಒದ್ದೆ ಬಟ್ಟೆ ಹಿಂಡುವವರು. ಮಂಟಪದಲ್ಲಿ ನಮ್ಮ ಕಡೆಯದೇ ಒಂದು ಭಜನಾ ಮೇಳ ಕೂತಿತ್ತು. ಹಾರ್ಮೋನಿಯಂ, ತಬಲಾ, ತಾಳ, ಒಬ್ಬ ಮುದುಕಪ್ಪನ ಕೈಯಲ್ಲಿ ಏಕತಾರಿ. ಕಂಚಿನ ದನಿ. ಎದುರಿಗೆ ಹುಡುಗರು ಸಾಲಾಗಿ ಫೋನ್ ಎತ್ತಿ ಹಿಡಿದಿದ್ದರು.

ನನ್ನ ಪಕ್ಕದ ಹುಡುಗನ ಫೋನು ನಡುವೆಯೇ ನಿಂತುಬಿಟ್ಟಿತು. ಅವನು ಗಡಿಬಿಡಿಯಿಂದ ಹಳೆಯ ವಿಡಿಯೊಗಳನ್ನು ಒಂದೊಂದಾಗಿ ಒತ್ತಿ ಅಳಿಸತೊಡಗಿದ.

"ಏನು ಅಳಸ್ಲತ್ತಿಯೋ ತಮ್ಮಾ?" ಎಂದ ನನ್ನ ಗೆಳೆಯ.

"ಹ್ವಾದ ವರ್ಷದ ಭಜನಿರಿ ಅಣ್ಣಾ. ಮೆಮೊರಿ ಫುಲ್ ಆಗ್ಯಾದ."

"ಯಾರು ಹಾಡ್ಯಾರ ಅದರಾಗ?"

"ನಮ್ಮ ದೊಡ್ಡಪ್ಪ. ಈ ಸಲ ಬಂದಿಲ್ಲರಿ. ಕಾಲು ಹಿಡದಾವ, ಮನ್ಯಾಗ ಹನ."

ಗೆಳೆಯ ಹುಡುಗನ ಕೈಯಿಂದ ಫೋನು ಕಸಿದುಕೊಳ್ಳುವುದೊಂದು ಬಾಕಿ. ಕಂಬದ ಬುಡಕ್ಕೆ ಅವನನ್ನು ಎಳೆದುಕೊಂಡು ಹೋಗಿ, ಚೀಲದಿಂದ ಹಾರ್ಡ್ ಡಿಸ್ಕು, ವೈರು ತೆಗೆದು, ಅಲ್ಲೇ ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತುಬಿಟ್ಟ. ಅಳಿಸಿದ್ದರಲ್ಲಿ ಒಂದೆರಡು ಕಸದ ಡಬ್ಬಿಯಿಂದ ತಿರುಗಿ ಬಂದವು. ದೊಡ್ಡಪ್ಪನ ಮುಖ ತೆರೆಯ ಮೇಲೆ ಮೂಡಿದ ಕೂಡಲೇ ಹುಡುಗ ನಾಚಿ ನಕ್ಕ. ಇದನ್ನು ನೋಡಿ ಇನ್ನೊಬ್ಬ ಬಂದ, ತನ್ನ ಫೋನೂ ತುಂಬಿದೆ ಎಂದು. ಮತ್ತೊಬ್ಬ ತನ್ನ ಊರಿನ ಜಾತ್ರೆಯ ಡೊಳ್ಳು ಇದೆ ಎಂದ. ಕಂಬದ ಸುತ್ತ ಗುಂಪು ಬೆಳೆಯಿತು. ಯಾರ ಫೋನು ಮೊದಲು ಎಂದು ತೆಲುಗು, ಕನ್ನಡ, ದಖನಿ ಉರ್ದುವಿನಲ್ಲಿ ಜಗಳವೂ ಶುರುವಾಯಿತು.

ಅತ್ತ ಪದ ಮುಗಿಸಿದ ಮುದುಕಪ್ಪ ಏಕತಾರಿ ಕೆಳಗಿಟ್ಟು, ಎದುರಿನ ಖಾಲಿ ಜಮಖಾನೆ ನೋಡಿ, ನಮ್ಮತ್ತ ಕೈ ಮಾಡಿ ಗದರಿದರು:

"ಏ, ಅಲ್ಲೇನು ಸಂತಿ ಹಚ್ಚೀರೋ? ಹಾಡೋದು ಇಲ್ಲಿ ಅದ, ನೀವು ಅಲ್ಲಿ ಹೋಗಿ ಏನು ಕೇಳ್ಲತ್ತೀರಿ? ಬರ್ರಿ, ತಾಳ ಹಿಡೀಲಾಕ ಒಬ್ಬ ಬೇಕಾಗ್ಯಾನ!"